ಬುಟ್ಟಿಗೆ ಬೀಳದ ಕಾಗದ

ಮಾಸಿಬಾ ಹೋದರಂತೆ. ಅಹಮದಾಬಾದಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರ ಸೊಸೆ ಬರೆದ ಕಾಗದ ಮೊನ್ನೆ ಬಂತು. ಓದುವ ಮೊದಲೇ ನನ್ನ ಎದೆ ಧಸಕ್ಕೆಂದಿತ್ತು. ಅದೇನೂ ದೊಡ್ಡ ಮುನ್ಸೂಚನೆಯಲ್ಲ. ಟಪಾಲಿನವನ ಸೈಕಲ್ಲಿನ ಗಂಟೆ ಕೇಳಿದರೆ ನನ್ನ ಎದೆ ಹಾಗೆನ್ನದ ದಿನವೇ ಇಲ್ಲ. ನಾನು ಹುಟ್ಟಾ ಅಂಜುಬುರುಕಿ. ಹಾಲು ತರಲು ಹೋದವರು ಹತ್ತು ನಿಮಿಷ ತಡಮಾಡಿದರೆ ಅವರ ತಿಥಿಯ ಅಡಿಗೆಯವರೆಗೂ ಯೋಚನೆ ಮಾಡಿ ಮುಗಿಸಿರುತ್ತೇನೆ. ಆದರೆ ಟಪಾಲಿನ ಅಂಜಿಕೆ ಮಾತ್ರ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ನನಗೆ ಅಂಟಿಸಿದವರು ಮಾಸಿಬಾ.

ನನ್ನವರು ರೈಲ್ವೆಯ ಸಿಗ್ನಲ್ ಖಾತೆಯಲ್ಲಿದ್ದರು. ಅರವತ್ತರ ದಶಕದ ನಡುವಿನಲ್ಲಿ ಮುಂಬಯಿಯಿಂದ ಅಹಮದಾಬಾದಿಗೆ ವರ್ಗವಾಯಿತು. ವಾರದಲ್ಲಿ ಐದು ದಿನ ಅವರು ಬಡೋದಾ, ಸುರತ್ ಎಂದು ಲೈನಿನ ಮೇಲೆಯೇ ಇರುತ್ತಿದ್ದರು. ನನ್ನದು ಹಳೆ ಊರಿನ ಒಂದು ಪೋಳದಲ್ಲಿ ಮೇಲಂತಸ್ತಿನ ಎರಡು ಕೋಣೆ. ಪೋಳ ಎಂದರೆ ಒಂದೇ ದೊಡ್ಡ ಬಾಗಿಲಿನ ಓಣಿ. ಒಳಗೆ ಮನೆಗೆ ಮನೆ ಅಂಟಿಕೊಂಡು ನಿಂತಿರುತ್ತವೆ. ಎದುರುಮನೆಯವರು ಕಿಟಕಿಯಿಂದ ಕೈಚಾಚಿದರೆ ನಮ್ಮ ಉಪ್ಪಿನ ಡಬ್ಬಿ ಸಿಗಬೇಕು, ಅಷ್ಟು ಹತ್ತಿರ. ಮಾಸಿಬಾ ಆ ಎದುರುಮನೆಯವರು. ಮಾಸಿ ಎಂದರೆ ನಮ್ಮ ಕಡೆಯ ಮಾವಶಿ. ಅರವತ್ತೈದು ದಾಟಿದ ವಿಧವೆ, ಇಡೀ ಪೋಳಕ್ಕೆ ಮಾಸಿಬಾ. ಹೆಸರು ಹಿಡಿದು ಕರೆಯಬಲ್ಲವರು ಯಾರೂ ಉಳಿದಿರಲಿಲ್ಲ, ಹಾಗಾಗಿ ಹೆಸರು ನನಗೂ ತಿಳಿಯಲಿಲ್ಲ. ಅವರು ಆಡುತ್ತಿದ್ದದ್ದು ಗುಜರಾತಿ. ನನ್ನ ನೆನಪಿನಲ್ಲಿ ಮಾತ್ರ ಅವರು ನಮ್ಮ ಧಾರವಾಡದ ಮಾತನ್ನೇ ಆಡುತ್ತಾರೆ, ಹಾಗೆಯೇ ಬರೆಯುತ್ತೇನೆ.

ಮಂಡಿ ಹಿಡಿದುಕೊಂಡದ್ದರಿಂದ ಮಾಸಿಬಾ ಬೆಳಗಿನಿಂದ ಸಂಜೆಯವರೆಗೆ ತಮ್ಮ ಮನೆಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ತೊಡೆಯ ಮೇಲೆ ಒಂದು ತಾಟು, ಅದರಲ್ಲಿ ಯಾವುದೋ ಕಾಳು. ಕೈ ಕಲ್ಲು ಆರಿಸುತ್ತಿತ್ತು, ಕಣ್ಣು ಓಣಿಯಲ್ಲಿರುತ್ತಿತ್ತು. ನಮ್ಮ ಪೋಳದೊಳಗೆ ದಿನಕ್ಕೆ ಎಷ್ಟು ಬಗೆಯ ಜನ ಬಂದುಹೋಗುತ್ತಿದ್ದರು! ಮಿಲ್ಲಿನ ಮೊದಲ ಭೋಂಗಾ ಕೂಗಿದಮೇಲೆ ಹಾಲಿನವಳು. ಆಮೇಲೆ ಚಬೂತರೊಕ್ಕೆ, ಎಂದರೆ ಕಂಬದ ಮೇಲಿನ ಹಕ್ಕಿಗೂಡಿಗೆ, ಕಾಳು ಹಾಕುವವರು. ಹತ್ತಕ್ಕೆ ಸಾಣೆಯವನು, ಅವನ ಹಿಂದೆ ಬಿಲ್ಲಿನ ಹುರಿ ಮೀಟುತ್ತ ಹತ್ತಿ ಬಡಿಯುವ ಪಿಂಜಾರ. ಮಧ್ಯಾಹ್ನ ಹಳೆ ಬಟ್ಟೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವ ಹೆಂಗಸು, ತಲೆಯ ಮೇಲೆ ಪಾತ್ರೆಯ ಗೋಪುರ ಹೊತ್ತು, ಕೈಬೀಸಿಕೊಂಡೇ ನಡೆಯುತ್ತಿದ್ದಳು. ಮಾಳಿಗೆಯಿಂದ ಮಾಳಿಗೆಗೆ ಜಿಗಿಯುವ ಕರಿಮೋರೆಯ ಮಂಗಗಳಿಗೂ ಒಂದು ಹೊತ್ತಿತ್ತು. ಯಾರಾದರೂ ತಮ್ಮ ಹೊತ್ತು ತಪ್ಪಿಸಿದರೆ ಮಾಸಿಬಾ ಅವರನ್ನು ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದರು. ಹೆಂಡತಿಗೆ ಜ್ವರವೇ, ಗಾಲಿ ಮುರಿಯಿತೇ, ಎಲ್ಲವೂ ಅವರಿಗೆ ತಿಳಿಯಬೇಕು.

ನಾನು ಅಲ್ಲಿಗೆ ಹೋದ ಹೊಸತರಲ್ಲಿ ಒಬ್ಬ ಪೊಲೀಸ್ ಅಧಿಕಾರಿ ನಮ್ಮ ಬಾಗಿಲಿಗೇ ಬಂದು ನನ್ನವರ ಹೆಸರು ಹೇಳಿ ಗದರಿಸಿದ್ದ. ನಾನು ಅಳತೊಡಗಿದೆ. ಮಾಸಿಬಾ ಕಟ್ಟೆಯಿಂದಲೇ ಕೂಗಿದರು: "ಅಳಬ್ಯಾಡ ದೀಕರಿ. ಅವನ ಕಾಲು ನೋಡು. ಮೊನ್ನೆ ಹನುಮಂತ ಆಗಿ ಬಂದಾಗೂ ಅವೇ ಚಪ್ಪಲಿ ಹಾಕ್ಕೊಂಡಿದ್ದ." ದಿನಕ್ಕೊಂದು ವೇಷ ಹಾಕಿ ಬರುವ ಆ ಬಹುರೂಪಿ ನಾಲಿಗೆ ಕಚ್ಚಿಕೊಂಡು ನನಗಲ್ಲ, ಅವರಿಗೆ ಸಲಾಮು ಹೊಡೆದು ಹೋದ. ದೀಕರಿ ಎಂದರೆ ಮಗಳು. ಅವತ್ತಿನಿಂದ ನಾನು ದೀಕರಿಯಾದೆ.

ಮರುವರ್ಷ ನಾನು ಬಸುರಿಯಾದೆ. ಎರಡು ದಿನದ ರೈಲು ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವಂತಿರಲಿಲ್ಲ. ನಮ್ಮ ಮನೆಯ ಏಣಿಯಂಥ ಮೆಟ್ಟಿಲು ನೋಡಿ ಮಾಸಿಬಾ ಅಪ್ಪಣೆ ಹೊರಡಿಸಿದರು: "ಇನ್ನ ನೀ ಕೆಳಗ ಇಳೀಬ್ಯಾಡ. ಬುಟ್ಟಿ ಇಳಿಸು." ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸುವುದು ಅಲ್ಲಿ ಎಲ್ಲರ ರೂಢಿ. ಕಾಯಿಪಲ್ಲೆಯವಳ ಜತೆ ಚೌಕಾಸಿ ಅವರು ಮಾಡುತ್ತಿದ್ದರು, ಮೇಲೆ ಎಳೆದುಕೊಳ್ಳುವುದಷ್ಟೇ ನನ್ನ ಕೆಲಸ. ಮಧ್ಯಾಹ್ನ ಎರಡಕ್ಕೆ ಬರುವ ಟಪಾಲಿನವನೂ ನಮ್ಮ ಕಾಗದವನ್ನು ಅವರ ತಾಟಿನಲ್ಲಿ ಹಾಕಿಹೋಗುತ್ತಿದ್ದ. ಊರಿನಿಂದ ಅವ್ವ ಬರೆಯುವ ಕಾರ್ಡಿನ ಮೂಲೆಗೆ ಯಾವಾಗಲೂ ಅರಿಶಿನ ಕುಂಕುಮ ಹಚ್ಚಿರುತ್ತಿದ್ದಳು. ಕನ್ನಡ ಓದಲಾಗದಿದ್ದರೂ, ಗುಜರಾತಿಯನ್ನೇ ಓದಲು ಬಾರದಿದ್ದರೂ, ಮಾಸಿಬಾ ಆ ಹಳದಿ ಮೂಲೆ ನೋಡಿ "ತವರಿನ ಕಾಗದ! ಬುಟ್ಟಿ ಬಿಡು!" ಎಂದು ಪೋಳಕ್ಕೆಲ್ಲ ಕೇಳುವಂತೆ ಸಾರುತ್ತಿದ್ದರು.

ಆ ಏಪ್ರಿಲಿನಲ್ಲಿ ಬಂದ ಅವ್ವನ ಕಾರ್ಡಿನಲ್ಲಿ ಅಪ್ಪನಿಗೆ ಎದೆನೋವು ಬಂದು ಹೋಯಿತೆಂದಿತ್ತು. ಈಗ ಆರಾಮ, ಕಾಳಜಿ ಬೇಡ ಎಂದೂ ಬರೆದಿದ್ದಳು. ಕಾಳಜಿ ಬೇಡ ಎಂದರೆ ನನ್ನಂಥವಳಿಗೆ ಕಾಳಜಿ ಮಾಡು ಎಂದೇ ಅರ್ಥ. ಕಿಟಕಿಯಲ್ಲಿ ನಿಂತು ಅತ್ತೆ. ಮಾಸಿಬಾ ಎಲ್ಲ ಕೇಳಿ ತಿಳಿದುಕೊಂಡರು. ಆಮೇಲೆ ಎರಡು ವಾರ ಊರಿನಿಂದ ಏನೂ ಬರಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಸೈಕಲ್ ಗಂಟೆ ಕೇಳಿ ಕಿಟಕಿಗೆ ಬಂದೆ. ಟಪಾಲಿನವನು ಹೋಗುತ್ತಿದ್ದ. ಮಾಸಿಬಾ ಕಟ್ಟೆಯ ಮೇಲಿರಲಿಲ್ಲ, ತಾಟು ಅಲ್ಲಿಯೇ ಇತ್ತು. ಸ್ವಲ್ಪ ಹೊತ್ತಿಗೆ ಅವರ ಹಿತ್ತಿಲಲ್ಲಿ ನೀರು ಹೊಯ್ದುಕೊಳ್ಳುವ ಸದ್ದು ಕೇಳಿತು, ಒಂದರಮೇಲೊಂದು ಚೆಂಬು. ಬೆಳಿಗ್ಗೆ ಐದಕ್ಕೆ ಸ್ನಾನ ಮುಗಿಸುವ ಹೆಂಗಸು ಅವರು. ಆ ಊರಿನ ಪದ್ಧತಿ ನನಗೆ ಅಷ್ಟರಲ್ಲಿ ತಿಳಿದಿತ್ತು. ಸಾವಿನ ಸುದ್ದಿಯ ಕಾಗದಕ್ಕೆ ಅಲ್ಲಿ ಕಾಳೋತರಿ ಎನ್ನುತ್ತಾರೆ. ಅದನ್ನು ಹೊಸ್ತಿಲೊಳಗೆ ತರುವಂತಿಲ್ಲ. ಹೊರಗೇ ಓದಿ, ಹರಿದು ಹಾಕಿ, ತಲೆಯ ಮೇಲೆ ನೀರು ಹೊಯ್ದುಕೊಂಡೇ ಒಳಗೆ ಹೋಗಬೇಕು.

ಒದ್ದೆ ಕೂದಲಲ್ಲಿ ಅವರು ಹೊರಗೆ ಬಂದಾಗ ಕೇಳಿದೆ, "ಯಾರು ಹೋದರು ಮಾಸಿಬಾ?"

"ದೂರದವರು," ಎಂದರು. ಮೇಲೆ ನೋಡಲಿಲ್ಲ. "ನೀ ಉಂಡೇನು?"

ಅವತ್ತಿನಿಂದ ಅವರು ಬೇರೆಯೇ ಮನುಷ್ಯರಾದರು. ಸಾಣೆಯವನಿಗೆ ಕೂಗಬೇಡವೆಂದು ಕೈಸನ್ನೆ ಮಾಡುತ್ತಿದ್ದರು. ಪಾತ್ರೆಯವಳು ಬಂದರೆ ವಿಚಾರಣೆಯಿಲ್ಲ. ದಿನವೂ ನನ್ನ ಬುಟ್ಟಿಯಲ್ಲಿ ಬಿಸಿ ಬಿಸಿ ಏನಾದರೂ ಇರುತ್ತಿತ್ತು, ಆದರೆ ನಾನು ಕಿಟಕಿಗೆ ಬಂದೊಡನೆ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಬೆಳಿಗ್ಗೆ ತೀರಿಕೊಂಡ ಗಂಡನ ಹೆಸರಿನಲ್ಲಿ ಹಕ್ಕಿಗಳಿಗೆ ಒಂದು ಹಿಡಿ ಜೋಳ ಹಾಕಿಸುತ್ತಿದ್ದವರು ಈಗ ಎರಡು ಹಿಡಿ ಹಾಕಿಸುತ್ತಿದ್ದರು. ಎರಡನೆಯದು ಯಾರ ಹೆಸರಿನಲ್ಲಿ? ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು ಎಂಬ ಭಯ. ಕೇಳದಿದ್ದರೆ ಅಪ್ಪ ಬದುಕಿಯೇ ಇರುತ್ತಾನೆ ಎಂಬ ಹುಚ್ಚು ಲೆಕ್ಕ ನನ್ನದು. ಅನ್ನ ಸೇರಲಿಲ್ಲ. ಹೊಟ್ಟೆಯಲ್ಲಿ ಕೂಸು ಮಿಸುಕಿದರೂ ಹೆದರಿಕೆ, ಮಿಸುಕದಿದ್ದರೂ ಹೆದರಿಕೆ.

ಶನಿವಾರ ನನ್ನವರು ಬಂದಾಗ ಹೇಳಿದೆ. ಅವರು ನಕ್ಕರು. "ಹುಚ್ಚಿ, ಅಂಥಾದ್ದೇನರ ಆದ್ರ ತಂತಿ ಬರ್ತದ. ಕಾರ್ಡ್ ಬರೂದಿಲ್ಲ. ಮುದುಕಿ ಸ್ನಾನ ಮಾಡಿದ್ರ ನಿಮ್ಮಪ್ಪಗೇನಾತು?" ಮಾತು ಸರಿಯಿತ್ತು. ಸರಿಯಾದ ಮಾತಿನಿಂದ ಹೆದರಿಕೆ ಹೋಗುವುದಿದ್ದರೆ ಜಗತ್ತಿನಲ್ಲಿ ಅಂಜುಬುರುಕರೇ ಇರುತ್ತಿರಲಿಲ್ಲ. ಸೋಮವಾರ ಅವರು ಮತ್ತೆ ಬಡೋದಾಕ್ಕೆ ಹೋದರು.

ಶುಕ್ರವಾರ, ಎಂದರೆ ಆ ಸ್ನಾನವಾಗಿ ಒಂಬತ್ತನೆಯ ದಿನ, ಎರಡಕ್ಕೆ ಗಂಟೆ ಕೇಳಿತು. ಮಾಸಿಬಾ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಳದಿ ಮೂಲೆ ನನಗೆ ಮೇಲಿನಿಂದಲೇ ಕಂಡಿತು. ಎಷ್ಟೋ ದಿನದ ಮೇಲೆ ಅವರು ನನ್ನ ಮುಖ ನೋಡಿದರು, ಆದರೆ ಸಾರಲಿಲ್ಲ. ಸುಮ್ಮನೆ ಬುಟ್ಟಿಯಲ್ಲಿ ಹಾಕಿದರು. ಎಳೆದುಕೊಂಡೆ. ಅವ್ವನ ಅಕ್ಷರ.

"ಮಂಗಳವಾರ ಬರೆದದ್ದು. ನಿಮ್ಮಪ್ಪ ನಾಳೆ ಹೊರಡುತ್ತಾರೆ, ಶುಕ್ರವಾರ ಬೆಳಗಿನ ಮುಂಬಯಿ ಗಾಡಿಗೆ ಅಲ್ಲಿ ಇಳಿಯುತ್ತಾರೆ. ಏಳನೇ ತಿಂಗಳ ಕುಬಸದ ಸೀರೆ ತಾನೇ ಒಯ್ದು ಉಡಿಸುತ್ತೇನೆಂದು ಹಟ. ನಿನಗೆ ಹೋದ ವಾರವೇ ಟಪಾಲು ಕಚೇರಿಯಲ್ಲಿ ಕೂತು ಬರೆದು ಹಾಕಿದ್ದಾರಂತೆ, ಆದರೂ ನನಗೆ ಸಮಾಧಾನವಿಲ್ಲ. ಅಳಿಯದೇವರನ್ನು ಸ್ಟೇಶನ್ನಿಗೆ ಕಳಿಸು. ಬಿಸಿಲಿಗೆ ನಡೆಸಬೇಡಿರಿ, ಎದೆ ಇನ್ನೂ ಗಟ್ಟಿಯಾಗಿಲ್ಲ."

ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕಿರುಚಿದೆ: "ಮಾಸಿಬಾ, ನಮ್ಮಪ್ಪ ಬಂದಾರ! ಬೆಳಿಗ್ಗೇನ ಬಂದಾರ!"

ಅವರ ತೊಡೆಯ ಮೇಲಿನ ತಾಟು ಕೆಳಗೆ ಬಿದ್ದು ತೊಗರಿ ಓಣಿಯ ತುಂಬ ಚೆಲ್ಲಿತು. "ಅಂದ್ರ... ಅವರು ಇದ್ದಾರೇನು?" ಎಂದರು.

ಹಾಗೆ ಎಲ್ಲ ಹೊರಗೆ ಬಂತು. ಆ ಬುಧವಾರ ಬಂದ ಕಾರ್ಡು ನನಗೇ ಬಂದದ್ದು, ಅಪ್ಪ ತಾನೇ ಬರೆದದ್ದು. ಅರಿಶಿನ ಇರಲಿಲ್ಲ. ಅವ್ವನ ಗುಂಡು ಅಕ್ಷರದ ಬದಲು ಬೇರೆ ಕೈ, ಟಪಾಲು ಕಚೇರಿಯ ಗಟ್ಟಿ ಕಪ್ಪು ಶಾಯಿ, ನಾಕೇ ಸಾಲು. ಅಪ್ಪನ ಎದೆನೋವಿನ ಸುದ್ದಿ ಅವರಿಗೆ ಗೊತ್ತಿತ್ತು. ಕಾಳೋತರಿ ಎಂದುಕೊಂಡರು. ಏಳು ತಿಂಗಳ ಬಸುರಿಗೆ ಕೊಡಬಾರದೆಂದು ಹರಿದು ಗಟಾರಕ್ಕೆ ಹಾಕಿ, ನನ್ನ ಪರವಾಗಿ ಸ್ನಾನ ಮಾಡಿ, ನನ್ನ ಅಪ್ಪನ ಹೆಸರಿನಲ್ಲಿ ಹಕ್ಕಿಗೆ ಜೋಳ ಹಾಕಿಸುತ್ತಿದ್ದರು. ಹೆರಿಗೆಯಾದ ಮೇಲೆ ಹೇಳುವುದೆಂದು ನಿಶ್ಚಯ ಮಾಡಿದ್ದರು. ನನ್ನವರಿಗೂ ಹೇಳಿರಲಿಲ್ಲ. ಗಂಡಸಿನ ಮುಖದ ಮೇಲೆ ಏನೂ ನಿಲ್ಲುವುದಿಲ್ಲ, ನಾನು ನೋಡಿಯೇ ತಿಳಿದುಕೊಳ್ಳುತ್ತಿದ್ದೆ ಎಂಬ ವಿಚಾರ.

ಅಪ್ಪ ಬದುಕಿದ್ದಾನೆ ಎಂಬ ಸಂತೋಷ ಒಂದು ಗಳಿಗೆಯೂ ನಿಲ್ಲಲಿಲ್ಲ. ಗಾಡಿ ಬೆಳಿಗ್ಗೆ ಏಳಕ್ಕೆ ಬಂದಿರಬೇಕು. ಈಗ ಎರಡು ದಾಟಿದೆ. ಸ್ಟೇಶನ್ನಿನಿಂದ ನಮ್ಮ ಪೋಳಕ್ಕೆ ಅರ್ಧ ತಾಸಿನ ದಾರಿ. ಏಳು ತಾಸು ಆ ಮನುಷ್ಯ ಎಲ್ಲಿ? ಹೊರಗೆ ಕಲ್ಲು ಕಾಯುವ ಬಿಸಿಲು. ಕನ್ನಡ ಶಾಲೆಯ ನಿವೃತ್ತ ಮಾಸ್ತರ, ಹಿಂದಿ ಬರದು. ನಾನು ಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಕೆಳಗೆ ಬಂದಾಗ ಮಾಸಿಬಾ ಕಟ್ಟೆ ಬಿಟ್ಟು ಓಣಿಯಲ್ಲಿ ನಿಂತಿದ್ದರು, ಬರಿಗಾಲಿನಲ್ಲಿ.

ಪೋಳದ ಬಾಗಿಲಿನ ಹೊರಗೆ ಅವರು ಬಂದು ಎಷ್ಟು ವರ್ಷವಾಗಿತ್ತೋ. ನನ್ನ ಹೆಗಲ ಮೇಲೆ ಅವರ ಕೈ, ಯಾರು ಯಾರನ್ನು ಹಿಡಿದುಕೊಂಡಿದ್ದೆವೋ ತಿಳಿಯದು. ನಾನು ಸ್ಟೇಶನ್ನಿನ ಕಡೆ ಎಳೆದೆ. ಅವರು ನಾಲ್ಕು ದಾರಿ ಕೂಡುವಲ್ಲಿ ಒಂದು ಅಂಗಡಿಯ ನೆರಳಿಗೆ ನಿಂತುಬಿಟ್ಟರು.

"ನಡೀರಿ ಮಾಸಿಬಾ, ಯಾಕ ನಿಂತ್ರಿ?"

"ಹುಡುಕಿಕೋತ ಹೊಂಟ್ರ ಅವರೊಂದು ಪೋಳದಾಗ, ನಾವೊಂದು ಪೋಳದಾಗ. ನೂರಾರು ಪೋಳ ಅವ. ಇಲ್ಲೇ ನಿಲ್ಲು. ಈ ಹೊತ್ತಿಗೆ ಇಲ್ಲಿಂದ ಯಾರ್ಯಾರು ಹಾಯ್ತಾರ ನನಗ ಗೊತ್ತದ. ಸಾಣಿಯವ, ಪಿಂಜಾರ, ಎಲ್ಲಾರೂ ಪೋಳ ಪೋಳ ಹೊಕ್ಕು ಬಂದಿರ್ತಾರ."

ನಿಂತೆವು. ನನ್ನ ಜೀವನದಲ್ಲಿ ಅಷ್ಟು ಉದ್ದದ ಹೊತ್ತನ್ನು ಕಂಡಿಲ್ಲ. ಒಂಟೆಗಾಡಿಯೊಂದು ಹತ್ತಿಯ ಅಂಡಿಗೆ ಹೇರಿಕೊಂಡು ದಾರಿಯನ್ನೆಲ್ಲ ತುಂಬಿ ನಿಧಾನ ಹೋಯಿತು. ಸಾಣೆಯವನು ಬಂದ. ಮಾಸಿಬಾ ನನ್ನಿಂದ ಕೇಳಿದ್ದನ್ನೆಲ್ಲ ಅವನಿಗೆ ಒಪ್ಪಿಸಿದರು: ತಲೆಗೆ ಸುತ್ತಿದ ಹಳದಿ ರುಮಾಲು, ಕಪ್ಪು ಕೋಟು, ದೋತರ, ತಗಡಿನ ಟ್ರಂಕು. ಅವನು ಕಂಡಿರಲಿಲ್ಲ. ಬರ್ಫಿನ ಗಾಡಿಯವನು ಕಂಡಿರಲಿಲ್ಲ. ಪಿಂಜಾರನೂ ತಲೆಯಾಡಿಸಿದ, ಆದರೆ ತಾನು ಹೋಗುವ ಕಡೆ ಕೇಳುತ್ತೇನೆಂದು ಹುರಿ ಮೀಟದೆ ಓಡಿದ. ಕಾಲಡಿಯ ಕಲ್ಲು ಸುಡುತ್ತಿತ್ತು. ಮಾಸಿಬಾ ಒಂದು ಕಾಲಿನ ಮೇಲೆ ಇನ್ನೊಂದು ಇಟ್ಟು ನಿಂತಿದ್ದರು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ನಿಜ ಹೇಳುತ್ತೇನೆ, ಆ ಹೊತ್ತಿಗೆ ಅವರ ಮುಖ ಕಂಡರಾಗುತ್ತಿರಲಿಲ್ಲ.

ಪಾತ್ರೆಯವಳು ಬಂದಳು. ತಲೆಯ ಮೇಲಿನ ಗೋಪುರ ಅಲುಗದಂತೆ ನಿಂತು ಕೇಳಿ, "ಹಳದಿ ಪಗಡಿಯವನೇ?" ಎಂದಳು. "ರಾಯಪುರ ದರವಾಜೆಯ ಕಡೆ, ಮೂರನೇ ಪೋಳ. ಕಟ್ಟೆಯ ಮೇಲೆ ಮಲಗಿಸಿದ್ದಾರೆ. ಬಿಸಿಲು ಬಡಿದಿದೆ."

ಮಲಗಿಸಿದ್ದಾರೆ ಎಂಬ ಮಾತನ್ನು ನಾನು ದಾರಿಯುದ್ದಕ್ಕೂ ಎಷ್ಟು ಬಗೆಯಲ್ಲಿ ತಿರುಗಿಸಿ ನೋಡಿದೆನೋ.

ಆದದ್ದು ಇಷ್ಟು. ಟಾಂಗಾದವನು ನಮ್ಮದೇ ಹೆಸರಿನ ಇನ್ನೊಂದು ಪೋಳಕ್ಕೆ ಒಯ್ದು ಇಳಿಸಿಹೋಗಿದ್ದ. ನನ್ನ ಕಾಗದಗಳಿಂದ ಅಪ್ಪನಿಗೆ ಗೊತ್ತಿದ್ದ ಗುರುತು ಒಂದೇ: ಎದುರುಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕಾಳು ಆರಿಸುತ್ತ ಕೂತಿರುತ್ತಾಳೆ. ಹಾಗೆ ಒಬ್ಬ ಮುದುಕಿ ಕೂತಿರದ ಪೋಳ ಅಹಮದಾಬಾದಿನಲ್ಲಿ ಎಲ್ಲಿದೆ? ಟ್ರಂಕು ಹೊತ್ತು ಪೋಳದಿಂದ ಪೋಳಕ್ಕೆ ಹೋಗಿ, ಪ್ರತಿ ಮುದುಕಿಯ ಎದುರಿಗೂ ನಿಂತು ಇಂಗ್ಲಿಷಿನಲ್ಲಿ ಅಳಿಯನ ಹೆಸರು ಹೇಳಿದ್ದ. ಮಧ್ಯಾಹ್ನದ ಹೊತ್ತಿಗೆ ಒಂದು ಕಟ್ಟೆಯ ಮೇಲೆ ಕುಸಿದಿದ್ದ.

ಕಟ್ಟೆಯ ಮೇಲೆ ಅಪ್ಪ ಕಣ್ಣುಮುಚ್ಚಿ ಮಲಗಿದ್ದ. ತಲೆಯ ಮೇಲೆ ಒದ್ದೆ ಬಟ್ಟೆ, ಇಬ್ಬರು ಹೆಂಗಸರು ಬೀಸಣಿಗೆ ಬೀಸುತ್ತಿದ್ದರು. ನಾನು ಹತ್ತಿರ ಹೋದೆ. ಮಾಸಿಬಾ ಇಪ್ಪತ್ತು ಹೆಜ್ಜೆ ದೂರದಲ್ಲಿಯೇ ಗೋಡೆ ಹಿಡಿದು ನಿಂತರು. ಹಿರಿಯ ಗಂಡಸಿನ ಎದುರು ಮಾಡುವಂತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದರು. ಅದರೊಳಗಿನಿಂದಲೇ ಕೇಳಿದರು, "ಉಸಿರಾಡ್ತಾರೇನು?"

ಅಪ್ಪ ಕಣ್ಣು ತೆರೆದ. "ಯಾಕವಾ ತಂಗಿ, ಯಾರೂ ಟೇಶನ್ನಿಗೆ ಬರಲಿಲ್ಲಲ್ಲ? ಕಾರ್ಡ್ ಮುಟ್ಟಲಿಲ್ಲೇನು?"

ನಾನು ಅಳುತ್ತ ಅವನ ತಲೆಯ ಮೇಲಿನ ಒದ್ದೆ ಬಟ್ಟೆಯನ್ನು ತಿರುವಿ ಹಾಕಿದೆ.

ಎರಡು ದಿನ ಅವನಿಗೆ ಜ್ವರ ಏರಿತ್ತು. ಡಾಕ್ಟರು ಎದೆಯ ಮೇಲೆ ನಳಿಗೆ ಇಟ್ಟು ಕೇಳುತ್ತಿದ್ದಾಗ ನಾನು ಅವರ ಹುಬ್ಬನ್ನೇ ನೋಡುತ್ತ ನಿಲ್ಲುತ್ತಿದ್ದೆ. ಆ ಎರಡು ದಿನ ಕಿಟಕಿ ಹಾಕಿಕೊಂಡಿದ್ದೆ. ಬುಟ್ಟಿ ಇಳಿಸಲಿಲ್ಲ. ಮಾಸಿಬಾ ಕೆಳಗಿನಿಂದ ಎರಡು ಸಲ ಕರೆದರು, ಓ ಎನ್ನಲಿಲ್ಲ. ಮೂರನೆಯ ದಿನ ಬೆವರು ಬಿಟ್ಟು ಜ್ವರ ಇಳಿಯಿತು. ಅಪ್ಪ ಎದ್ದು ಕೂತು ಗಂಜಿ ಕುಡಿದ. ನಡೆದದ್ದನ್ನು ಆಗ ಹೇಳಿದೆ. ಅವನು ನಕ್ಕೂ ನಕ್ಕೂ ಕೆಮ್ಮಿದ. "ಸತ್ತ ಸುದ್ದಿ ಬಂದವರ ಆಯುಷ್ಯ ಹೆಚ್ಚತದಂತ. ಆ ಅಮ್ಮಗ ನಾನ ಒಂದು ಸೀರಿ ಕೊಡಬೇಕು," ಎಂದ. ನನಗೆ ನಗು ಬರಲಿಲ್ಲ.

ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಮಾಸಿಬಾ ಒಂದೊಂದೇ ಮೆಟ್ಟಿಲಿಗೆ ಕೂತು, ಕೈಯೂರಿ, ಮೇಲೆ ಬರುತ್ತಿದ್ದರು. ನಾನು ಆ ಮನೆಗೆ ಬಂದಮೇಲೆ ಅವರು ಮೇಲೆ ಹತ್ತಿದ್ದು ಅದೊಂದೇ ಸಲ. ಅಂಗಾಲಿಗೆ ಬೊಬ್ಬೆ ಎದ್ದು ಎಣ್ಣೆ ಸವರಿಕೊಂಡಿದ್ದರು. ಹೊಸ್ತಿಲ ಹೊರಗೇ ಕುಳಿತರು. ಒಳಗೆ ಅಪ್ಪ ನಿದ್ದೆ ಮಾಡುತ್ತಿದ್ದ. ಬಹಳ ಹೊತ್ತು ಅವನ ಉಸಿರನ್ನೇ ಕೇಳುತ್ತಿದ್ದರು.

"ನನಗೂ ಒಂದ್ಸಲ ಹಿಂಗ ಮಾಡಿದ್ರು," ಎಂದರು. "ಮದುವಿ ಆಗಿ ಎರಡನೇ ವರ್ಷ. ದೀಪಾವಳಿ ಹತ್ರ ಬಂದಿತ್ತು. ನಮ್ಮಪ್ಪನ ಕಾಳೋತರಿ ಬಂತು. ಅತ್ತಿ ಹರಿದು ಹಾಕಿ, ಹಬ್ಬ ಆಗೂತನಕ ಹೇಳಲಿಲ್ಲ. ನಾ ಹೊಸ ಸೀರಿ ಉಟ್ಟು, ಹಾಡಿಕೋತ ಹಪ್ಪಳ ಲಟ್ಟಿಸಿದೆ. ಅಪ್ಪ ಹೋಗಿ ಹದಿನಾರು ದಿನ ಆಗಿತ್ತು, ನಾ ಹಾಡ್ತಿದ್ದೆ. ಅಕಿನ್ನ ನಾ ಬಿಡಲಿಲ್ಲ ದೀಕರಿ. ಮೂವತ್ತು ವರ್ಷ ಬೈದೆ. ಸತ್ತಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ."

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅಷ್ಟು ಗೊತ್ತಿದ್ದೂ ನನಗ ಅದನ್ನ ಮಾಡಿದ್ರಲ್ಲ?" ಎಂದೆ.

"ಮಾಡಿದೆ," ಎಂದರು. "ನಾ ಹಾಡಿದಾಗೊಮ್ಮೆ ಅಕಿ ಎದ್ದು ಒಳಗ ಹೋಗ್ತಿದ್ಲು. ನನ್ನ ಹಾಡು ಸೇರೂದಿಲ್ಲ, ಕೆಟ್ಟ ಹೆಂಗಸು ಅಂತ ತಿಳ್ಕೊಂಡಿದ್ದೆ. ಒಂಬತ್ತು ದಿನ ನೀ ಕಿಟಕಿಗೆ ಬಂದಾಗೊಮ್ಮೆ ನಾ ಎದ್ದು ಒಳಗ ಹೋದೆನಲ್ಲ, ಆಗ ತಿಳೀತು, ಅಕಿ ಯಾಕ ಎದ್ದು ಹೋಗ್ತಿದ್ಲು ಅಂತ."

ಒಳಗೆ ಅಪ್ಪ ಮಗ್ಗುಲಾದ. ಮಾಸಿಬಾ ದನಿ ತಗ್ಗಿಸಿದರು.

"ನಿಮ್ಮಪ್ಪ ಸಿಕ್ಕರು. ಅಕಿನ್ನ ಎಲ್ಲೆ ಹುಡುಕಲಿ?"